ಎಮ್ ತನಕ

ಕಂಪನಿಯವರು ನೆಲ ಕೊಟ್ಟರು.
ನೆಲದಡಿಯದ್ದನ್ನು ಕೊಡಲಿಲ್ಲ.
ಕಾಗದದಲ್ಲೇ ಹಾಗಿದೆ ಎಂದು ಫಾದರ್ ವಾಲೆಂಟಸ್ ಓದಿ ಹೇಳಿದರು:
ಮೇಲಿನದು ಸಂತ ಕಸಿಮಿರನಿಗೆ, ಕೆಳಗಿನದು ಕಂಪನಿಗೆ.
ನಮ್ಮಪ್ಪ ಕೇಳಿದ, ‘ಮಧ್ಯದ್ದು?’
ಯಾರೂ ನಗಲಿಲ್ಲ.

ಬಿಷಪ್ಪರು ಐರಿಷ್ ಮನುಷ್ಯ. ಲಿಥುವೇನಿಯದ ನಾಲಗೆಗೆ
ಬೇರೆ ಶಾಲೆ ಯಾಕೆ ಎಂದರು.
ಫಾದರ್ ಮೂರು ಸಲ ಹೋದರು. ಮೂರನೇ ಸಲ
ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದರು,
ಕಲ್ಲಿದ್ದಲ ಮಸಿ ಹತ್ತಿದ ಕಾಲು ಡಾಲರುಗಳು.
ಒಪ್ಪಿಗೆ ಸಿಕ್ಕಿತು. ಆ ಮೇಜುಬಟ್ಟೆ ಒಗೆದವಳು
ವರ್ಷಗಟ್ಟಲೆ ನಮ್ಮನ್ನು ಬೈದಳಂತೆ.

ಸೆಪ್ಟೆಂಬರಿಗೆ ಗೋಡೆ ಎದ್ದಿತ್ತು, ಸೂರಿರಲಿಲ್ಲ.
ಚರ್ಚಿನ ನೆಲಮಾಳಿಗೆಯಲ್ಲೇ ಶುರು.
ಹೆಂಡದಂಗಡಿಯ ಮೋತಿಯೆಯುಸ್ ಖಾಲಿ ಪೀಪಾಯಿ ಕೊಟ್ಟ,
ಮೇಲೆ ಹಲಗೆ ಹಾಸಿ ಅರವತ್ತೆರಡು ಮಕ್ಕಳು
ಬಿಯರಿನ ಹುಳಿ ವಾಸನೆಯ ಮೇಲೆ ಕೂತು ಜಪ ಕಲಿತೆವು.
ರೈಲಿನಿಂದ ಇಳಿದ ಸಿಸ್ಟರುಗಳು ಇಬ್ಬರು,
ಹಿಮಕ್ಕೆ ಇಬ್ಬರಿಗೂ ಸೇರಿ ಒಂದೇ ಜೊತೆ ಬೂಟು.

ಸಿಸ್ಟರ್ ಕುನೆಗುಂಡ ನಮ್ಮವರು. ದಿನಕ್ಕೊಂದು ಅಕ್ಷರ.
ಹತ್ತು ಗಂಟೆಗೆ ನೆಲ ನಡುಗುತ್ತಿತ್ತು,
ಮಸಿಕುಡಿಕೆಗಳು ಕಿಣಿಕಿಣಿ.
ಸೀಮೆಸುಣ್ಣ ಎತ್ತಿ ಹಿಡಿದು ಕೇಳುವರು, ‘ಯಾರ ಅಪ್ಪ?’
‘ನಮ್ಮಪ್ಪ, ಸಿಸ್ಟರ್’ ಎನ್ನುವಳು ಬಾರ್ಬೊರ,
ಸಿಡಿಮದ್ದಿನ ದನಿಯಲ್ಲೇ ಗುರುತು ಹಿಡಿದು.
‘ಸರಿ’ ಎಂದು ಅಕ್ಷರ ಮುಗಿಸುವರು.

ಒಂದು ದಿನ ಹತ್ತಕ್ಕೆ ಏನೂ ಕೇಳಲಿಲ್ಲ.
ಹನ್ನೊಂದಕ್ಕೆ ಸೀಟಿ.
ಮುಂದಿನ ವಾರ ಬಾರ್ಬೊರ ರೇಷ್ಮೆ ಗಿರಣಿಯಲ್ಲಿದ್ದಳು.

ಎಮ್ ಬಂದ ದಿನ ನಾನೂ ಬಿಟ್ಟೆ.
ಅಪ್ಪನ ಕಾಲು ಗಾಡಿಯಡಿ ಸಿಕ್ಕಿತ್ತು.
ನನಗೆ ಒಂಬತ್ತು; ಕಂಪನಿಯ ಕಾಗದದಲ್ಲಿ ಹದಿನಾಲ್ಕು.
ಬೆನ್ನು ಬಾಗಿಸಿ ಹತ್ತು ಗಂಟೆ ಕೂತು, ಕಾಲ ನಡುವೆ
ಹರಿದು ಬರುವ ಇದ್ದಿಲಿನಿಂದ ಕಲ್ಲು ಆರಿಸಬೇಕು.
ಬೆರಳ ತುದಿ ಉಬ್ಬಿ ಒಡೆದರೆ ಅಮ್ಮ ಹಂದಿಕೊಬ್ಬು ಸವರುವಳು.
ನಮ್ಮಂಥವರಿಗೆಂದು ಸಿಸ್ಟರ್ ರಾತ್ರಿ ತರಗತಿ ಇಟ್ಟರು.
ಹೋದೆವು. ನಿದ್ದೆ ಹೋದೆವು.
ಅವರು ಎಬ್ಬಿಸಲಿಲ್ಲ; ದೀಪ ಸಣ್ಣ ಮಾಡಿ
ಹದಿನೇಳು ಕಪ್ಪು ಮುಖಗಳಿಗೆ ಕಾವಲು ಕೂತು
ಎಂಟಕ್ಕೆ ಹೆಸರು ಹಿಡಿದು ಕೂಗಿ ಮನೆಗೆ ಕಳಿಸಿದರು.
ಎಲ್ಲರಿಗೂ ಹಾಜರಿ ಹಾಕಿದರು.

ನನ್ನ ಹೆಸರು ಝಿಗ್ಮಸ್. ಝಡ್‌ನಿಂದ ಶುರು.
ಎಮ್‌ನಿಂದ ಅಲ್ಲಿಗೆ ಎಷ್ಟು ದೂರ ನೋಡಿ.
ಮಧ್ಯದ್ದರಲ್ಲಿ ಎಕ್ಸ್ ಒಂದು ಗೊತ್ತಿತ್ತು:
ಸಂಬಳದ ಪಟ್ಟಿಯಲ್ಲಿ ನಾನೇ ಅದು.

ಮೂವತ್ತೊಂದಕ್ಕೆ ಉಬ್ಬಸ ಹಿಡಿಸಿ ಗಣಿ ನನ್ನನ್ನು ಉಗಿಯಿತು.
ಶಾಲೆಯ ಕುಲುಮೆ ನೋಡಿಕೋ ಎಂದರು ಫಾದರ್.
ಈಗ ಇಟ್ಟಿಗೆಯ ಕಟ್ಟಡ, ಮೂಡಣ ಗೋಡೆಯಲ್ಲಿ
ಕೈ ತೂರುವಷ್ಟು ಬಿರುಕು. ಕೆಳಗಿನದು ಕಂಪನಿಯದಲ್ಲವೇ.
ಬೇಸಿಗೆಯಲ್ಲಿ ಗಾರೆ ಮೆತ್ತುತ್ತೇನೆ,
ಚಳಿಗೆ ಅದು ಮತ್ತೆ ಬಾಯಿ ಬಿಡುತ್ತದೆ.

ಶಾಖ ಮೇಲೇರುವ ತಗಡಿನ ಕೊಳವೆಯಲ್ಲಿ
ಒಂಬತ್ತಕ್ಕೆ ಒಂದನೇ ತರಗತಿ ಕೆಳಗಿಳಿಯುತ್ತದೆ, ರಾಗವಾಗಿ.
ಎಮ್ ಆದ ಮೇಲೆ ಎನ್ ಅಂತೆ.
ದನಿ ಬಂತು, ಆಕಾರ ಬರಲಿಲ್ಲ.

ಆಕಾರ ತಂದವಳು ಬಾರ್ಬೊರಳ ಕಿರಿಮಗಳು.
ಮಾತಾಡಿದ್ದಕ್ಕೆ ಶಿಕ್ಷೆ, ನನ್ನ ಬಳಿ ಕೂರಿಸಿದ್ದರು.
ಏನು ಮಾತಾಡಿದೆ ಎಂದೆ. ಏನಲ್ಲ, ಹಸಿವು ಎಂದೆ,
ಮನೆಯ ಮಾತಿನಲ್ಲಿ ಎಂದೆ, ಅಂದಳು.
ನಾವಿಬ್ಬರೂ ಸ್ವಲ್ಪ ಹೊತ್ತು ಬೆಂಕಿ ನೋಡಿದೆವು.
ಆಮೇಲೆ ಬೂದಿಯ ಮೇಲೆ ಕಡ್ಡಿಯಿಂದ ಎನ್ ಗೀಚಿದಳು.
ಝಡ್ ಎಂದೆ.
ಅವಳು ಎದ್ದು, ಬೂದಿಯ ತಟ್ಟೆಯನ್ನೇ ಮಗ್ಗುಲಿಗೆ ತಿರುಗಿಸಿ,
‘ಅದೇ, ಮಲಗಿದೆ ಅಷ್ಟೆ’ ಎಂದಳು.

ಒಂದು ದಿನ.
ಇನ್ನೊಂದು ದಿನ ಹೋಗಿದ್ದರೆ.

ಮೇಲಿಂದ ಯಾರೋ ಕೊಳವೆ ಬಡಿಯುತ್ತಿದ್ದರು, ಚಳಿ ಚಳಿ ಎಂದು.
ಬಾಗಿಲು ತೆರೆದು ಇನ್ನೊಂದು ಸಲಿಕೆ ಹಾಕಿದೆ.